ದೀಪಕ್ಕೆಷ್ಟು ಯಜಮಾನರು?

ಲಾಂದ್ರದ ಕಾಲದಲ್ಲಿ ದೀಪವೂ ಅದನ್ನು ಹಿಡಿದ ಕೈಯೂ ಬೇರೆ ಬೇರೆಯಾಗಿರಲಿಲ್ಲ. ರಾತ್ರಿ ಹಿತ್ತಿಲಿಗೆ ಹೋಗುವವನು ದೀಪವನ್ನು ತನ್ನೊಡನೆಯೇ ಕೊಂಡೊಯ್ಯುತ್ತಿದ್ದನು. ಅವನು ನಿಂತಲ್ಲಿ ಅದು ನಿಲ್ಲುತ್ತಿತ್ತು, ನಡೆದಲ್ಲಿ ನಡೆಯುತ್ತಿತ್ತು. ವಿದ್ಯುತ್ತು ಬಂದಮೇಲೆ ಈ ಸಹವಾಸ ಮುರಿಯಿತು. 1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆಮೇಲೆ ಮೆಲ್ಲಮೆಲ್ಲನೆ ಮನೆಗಳನ್ನು ಹೊಕ್ಕಿತು. ಹೊಕ್ಕಕೂಡಲೇ ದೀಪವು ಸೂರನ್ನೇರಿ ಕುಳಿತಿತು. ಅದರ ಜುಟ್ಟು ಮಾತ್ರ ಗೋಡೆಯ ಸ್ವಿಚ್ಚಿಗೆ ಸಿಕ್ಕಿತು. ಬೆಳಕು ಬೇಕೆನ್ನುವವನು ಮೊದಲು ಕತ್ತಲೆಯಲ್ಲಿ ತಡವರಿಸುತ್ತ ಸ್ವಿಚ್ಚಿನ ಬಳಿಗೆ ಹೋಗಬೇಕು. ಬೆಳಕನ್ನು ತಲಪುವುದಕ್ಕೂ ಬೆಳಕೇ ಬೇಕೆಂಬ ಈ ಪೇಚನ್ನು ನಮ್ಮ ಹಿರಿಯರು ಕಂಡಿರಲಿಲ್ಲ.

ಪೇಚು ಅತಿಶಯವಾಗಿ ಕಾಣಿಸುವುದು ಮಹಡಿಯ ಮೆಟ್ಟಿಲಿನಲ್ಲಿ. ಸ್ವಿಚ್ಚು ಕೆಳಗಿದ್ದರೆ ಮೇಲಿರುವವನಿಗೆ ಕತ್ತಲೆ. ಮೇಲಿದ್ದರೆ ಕೆಳಗಿರುವವನಿಗೆ ಕತ್ತಲೆ. ಇದಕ್ಕೆ ತಜ್ಞರು ಕಂಡುಹಿಡಿದ ಉಪಾಯವೇ ‘ಟೂ-ವೇ’ ಸ್ವಿಚ್ಚು. ಮೇಲೊಂದು, ಕೆಳಗೊಂದು, ನಡುವೆ ಜೋಡಿ ತಂತಿ. ಎರಡು ಸ್ವಿಚ್ಚುಗಳೂ ಒಂದೇ ತಂತಿಯತ್ತ ಮುಖಮಾಡಿದರೆ ದೀಪ ಹತ್ತುತ್ತದೆ. ಒಂದು ಇತ್ತ, ಒಂದು ಅತ್ತ ತಿರುಗಿದರೆ ಆರುತ್ತದೆ. ಈ ಏರ್ಪಾಟಿನಲ್ಲಿ ಯಜಮಾನನೂ ಇಲ್ಲ, ಆಳೂ ಇಲ್ಲ. ಕೆಳಗೆ ಒತ್ತಿದರೆ ಬೆಳಕು, ಮೇಲೆ ಒತ್ತಿದರೆ ಕತ್ತಲೆ ಎಂಬ ನಿಯಮವೂ ಇಲ್ಲ. ಯಾರ ಕೈಯಾಗಲಿ ಸ್ವಿಚ್ಚನ್ನು ಅಲುಗಿಸಿತೆಂದರೆ, ಇದ್ದ ಸ್ಥಿತಿ ಬದಲಾಗಲೇಬೇಕು. ಅತ್ತೆ ಮೇಲೆ, ಸೊಸೆ ಕೆಳಗೆ ಇರುವ ಸಂಸಾರಗಳು ಈ ಎರಡು ಸ್ವಿಚ್ಚುಗಳಿಂದ ಕಲಿಯಬೇಕಾದದ್ದು ಬಹಳವಿದೆ.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಇಂಥದೇ ಮೆಟ್ಟಿಲಿರುವ ಮನೆಯೊಂದುಂಟು. ಗಾರೆಯ ಗೋಡೆ, ಮದ್ರಾಸು ತಾರಸಿ, ಮರದ ಪಟ್ಟಿಯೊಳಗೆ ಹರಿದ ತಂತಿ, ಮರದ ಹಲಗೆಯ ಮೇಲೆ ಕಪ್ಪು ಸ್ವಿಚ್ಚುಗಳು. ಮನೆಯ ಯಜಮಾನರು ನಿವೃತ್ತ ಉಪಾಧ್ಯಾಯರು; ಎಂಬತ್ತರ ಹತ್ತಿರದ ವಯಸ್ಸು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಮಹಡಿಯಿಂದಿಳಿದು, ಬಚ್ಚಲೊಲೆಗೆ ಉರಿ ಹಾಕುವುದು ಅವರ ನಲವತ್ತು ವರ್ಷದ ವ್ರತ. ಮಂಚದಿಂದ ಮೆಟ್ಟಿಲ ತಲೆಯವರೆಗಿನ ಹತ್ತು ಹೆಜ್ಜೆ ಮಾತ್ರ ಕತ್ತಲೆ. ಕಣ್ಣು ಮಂಜಾಗುತ್ತ ಬಂದಂತೆ ಆ ಹತ್ತು ಹೆಜ್ಜೆ ದೊಡ್ಡದಾಯಿತು.

ಮಗನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಉದ್ಯೋಗದಲ್ಲಿರುವವನು. ಸುಮಾರು 140 ಕಿಲೋಮೀಟರು ದೂರದಲ್ಲಿರುವ ತಂದೆಯ ಹತ್ತು ಹೆಜ್ಜೆ ಅವನ ನಿದ್ದೆಯನ್ನು ಕೆಡಿಸಿತು. ಹಬ್ಬಕ್ಕೆ ಬಂದವನು ಮೆಟ್ಟಿಲಿನ ಬಲ್ಬನ್ನು ತೆಗೆದು ‘ಸ್ಮಾರ್ಟ್’ ಎಂಬ ಬಿರುದಾಂಕಿತವಾದ ಬಲ್ಬನ್ನು ಹಾಕಿದನು. ಮೊಬೈಲನ್ನು ಮುಟ್ಟಿದರೆ ಅದು ಹತ್ತುವುದು, ಮುಟ್ಟಿದರೆ ಆರುವುದು. ಮಂಚದಲ್ಲಿ ಕುಳಿತೇ ಬೆಳಕು ಮಾಡಬಹುದು. ಬೇಕಾದರೆ ಬೆಂಗಳೂರಿನಿಂದಲೂ ಮಾಡಬಹುದು.

ಆದರೆ ಜಾಣ ಬಲ್ಬಿಗೂ ಅನ್ನ ಬೇಕು. ಅಪ್ಪಣೆಯನ್ನು ಕೇಳಿಸಿಕೊಳ್ಳುವ ಅದರ ಕಿವಿ ಸದಾ ಎಚ್ಚರವಾಗಿರಬೇಕಾದರೆ ವಿದ್ಯುತ್ತು ಸದಾ ಹರಿಯುತ್ತಿರಬೇಕು. ಮೇಷ್ಟ್ರು ಕೆಳಗಿಳಿದು ಅಭ್ಯಾಸಬಲದಿಂದ ಗೋಡೆಯ ಸ್ವಿಚ್ಚನ್ನು ಒತ್ತಿದೊಡನೆ ಬಲ್ಬು ಪ್ರಜ್ಞೆ ತಪ್ಪುತ್ತಿತ್ತು. ಮಗನು ಮತ್ತೆ ಬಂದು ಎರಡು ಸ್ವಿಚ್ಚುಗಳಿಗೂ ಅಂಟುಪಟ್ಟಿ ಬಿಗಿದು, ‘ಮುಟ್ಟಬೇಡಿ’ ಎಂದು ಬರೆದು ಹೋದನು.

ಮಳೆಗಾಲದ ಒಂದು ರಾತ್ರಿ ಬೀದಿಯ ಇಂಟರ್ನೆಟ್ಟಿನ ತಂತಿ ಕಡಿದುಬಿದ್ದಿತು. ಆ ಬಲ್ಬು ಅಪ್ಪಣೆ ಪಡೆಯುತ್ತಿದ್ದುದು ದೂರದ ಯಾವುದೋ ಸರ್ವರಿನಿಂದ. ನಾಲ್ಕು ಗಂಟೆಗೆ ಮೇಷ್ಟ್ರು ಮೊಬೈಲನ್ನು ಎಷ್ಟು ಮುಟ್ಟಿದರೂ ದೀಪ ಹತ್ತಲಿಲ್ಲ. ಗೋಡೆಯ ಸ್ವಿಚ್ಚು ಕೈಗೆ ತಾಕುವಂತಿತ್ತು. ಆದರೆ ಮಗನ ಬರಹವನ್ನು ಮೀರಲು ಅವರಿಗೆ ಮನಸ್ಸಾಗಲಿಲ್ಲ. ಗೋಡೆ ಹಿಡಿದು ಇಳಿದರು. ಕೊನೆಯ ಮೆಟ್ಟಿಲು ತಪ್ಪಿ ಪಾದ ಉಳುಕಿತು. ಮೂಳೆ ಮುರಿಯದಿದ್ದುದು ಪುಣ್ಯ.

ಸುದ್ದಿ ತಿಳಿದು ಓಡಿಬಂದ ಮಗನಿಗೆ ತಾಯಿ ಹೇಳಿದ್ದು ಒಂದೇ ಮಾತು: “ಮುಟ್ಟಬಾರದ ಸ್ವಿಚ್ಚು ಗೋಡೆಯ ಮೇಲೆ ಯಾತಕ್ಕಪ್ಪ? ಕೈಗೆ ಸಿಕ್ಕಿದ್ದು ಮಾತು ಕೇಳಬೇಕು. ಇಲ್ಲದಿದ್ದರೆ ಅದನ್ನು ಕಿತ್ತುಬಿಡು.”

ಈ ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಹಳೆಯ ಮನೆಗೆ ಹೊಸ ಜಾಣತನವನ್ನು ತರುವವರು ಮೊದಲು ಮರೆಯುವುದು ಇದನ್ನೇ. ಹೊಸದಾಗಿ ಒಂದು ಕೈಗೆ ಅಧಿಕಾರ ಕೊಡುವಾಗ ಹಳೆಯ ಕೈಗಳ ಅಧಿಕಾರವನ್ನು ಕಸಿದುಕೊಳ್ಳಬಾರದು. ಗೋಡೆಯ ಸ್ವಿಚ್ಚು ಸುಳ್ಳು ಹೇಳತೊಡಗಿದರೆ, ಆ ಮನೆಯ ವೃದ್ಧರೂ ಮಕ್ಕಳೂ ನೆಂಟರೂ ತಮ್ಮದೇ ಮನೆಯಲ್ಲಿ ಪರಕೀಯರಾಗುತ್ತಾರೆ.

ಬೀದಿಯ ಎಲೆಕ್ಟ್ರಿಷಿಯನ್ನನ್ನು ಕರೆಸಲಾಯಿತು. ಅವನು ಮೇಲಿನ ಸ್ವಿಚ್ಚಿನ ಮುಚ್ಚಳ ತೆಗೆದು ನೋಡಿ, “ಇಲ್ಲಿ ನ್ಯೂಟ್ರಲ್ ಇಲ್ಲ ಮೇಷ್ಟ್ರೇ” ಎಂದನು. ಸಾದಾ ಸ್ವಿಚ್ಚಿಗೆ ಅದರ ಹಂಗಿಲ್ಲ. ಫೇಸನ್ನು ತಡೆದು ಬಿಡುವುದಷ್ಟೇ ಅದರ ಕೆಲಸ. ನ್ಯೂಟ್ರಲ್ ತಂತಿ ನೇರವಾಗಿ ದೀಪಕ್ಕೇ ಹೋಗಿರುತ್ತದೆ. ಆದರೆ ಜಾಣ ಸ್ವಿಚ್ಚು ತಾನೂ ಬದುಕಿರಬೇಕಲ್ಲ! ಅದಕ್ಕೆ ಫೇಸೂ ಬೇಕು, ನ್ಯೂಟ್ರಲ್ಲೂ ಬೇಕು. ನ್ಯೂಟ್ರಲ್ ಇಲ್ಲದೆಯೇ ನಡೆಯುವ ಬಗೆಯೂ ಉಂಟು. ಅದು ದೀಪದ ಮೂಲಕವೇ ಕಿಂಚಿತ್ ವಿದ್ಯುತ್ತನ್ನು ಹೀರಿ ಜೀವ ಹಿಡಿಯುತ್ತದೆ. ಹಾಗೆ ಹೀರಿದಾಗ ಎಲ್‌ಇಡಿ ಬಲ್ಬು ಆರಿಸಿದ ಮೇಲೂ ಮಿಣುಕುವುದುಂಟು. ಬೋರ್ಡಿನಲ್ಲಿ ಸಾಕೆಟ್ಟಿದ್ದರೆ ನ್ಯೂಟ್ರಲ್ ಅಲ್ಲಿಯೇ ಸಿಗುತ್ತದೆ. ಒಂಟಿ ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ.

ಅವನು ಹೂಡಿದ ಉಪಾಯ ಸರಳವಾದುದು. ಬೆಂಕಿಪೊಟ್ಟಣದಷ್ಟು ಗಾತ್ರದ ರಿಲೇ ಪೆಟ್ಟಿಗೆಯೊಂದನ್ನು ಗೋಡೆಯಲ್ಲಿ ಹುದುಗಿಸದೆ ದೀಪದ ಬಳಿಯೇ ಇಟ್ಟನು. ಅಲ್ಲಿ ನ್ಯೂಟ್ರಲ್ ಮೊದಲೇ ಇದ್ದಿತು. ಮೇನನ್ನು ಆರಿಸಿ, ಟೆಸ್ಟರಿನಿಂದ ಪರೀಕ್ಷಿಸಿ, ಅದೇ ಸರ್ಕೀಟಿನ ಫೇಸ್ ತಂತಿಯೊಂದನ್ನು ಮರದ ಪಟ್ಟಿಯ ಮುಚ್ಚಳ ಬಿಚ್ಚಿ ಎಳೆದು ತಂದನು. ಗಾರೆಗೆ ಉಳಿ ತಾಕಲಿಲ್ಲ. ಎರಡು ಹಳೆಯ ಸ್ವಿಚ್ಚುಗಳಿಂದ ಬರುತ್ತಿದ್ದ ತಂತಿಯನ್ನು ದೀಪಕ್ಕೆ ಕೊಡದೆ ಪೆಟ್ಟಿಗೆಯ ಕಿವಿಗೆ ಕೊಟ್ಟನು. ಇನ್ನು ಮೇಲೆ ಆ ಸ್ವಿಚ್ಚುಗಳು ದೀಪಕ್ಕೆ ವಿದ್ಯುತ್ತನ್ನು ಹೊತ್ತು ತರುವುದಿಲ್ಲ. ‘ಯಾರೋ ಅಲುಗಿಸಿದರು’ ಎಂಬ ಸುದ್ದಿಯನ್ನು ಮಾತ್ರ ತರುತ್ತವೆ. ಸುದ್ದಿ ಬಂದೊಡನೆ ಪೆಟ್ಟಿಗೆ ದೀಪದ ಸ್ಥಿತಿಯನ್ನು ಬದಲಿಸುತ್ತದೆ. ಹಳೆಯ ಟೂ-ವೇ ಧರ್ಮವೇ ಇಲ್ಲಿಯೂ ನಡೆಯಿತು. ಬಲ್ಬು ಮತ್ತೆ ಸಾದಾ ಬಲ್ಬಾಯಿತು.

ಮೂರನೆಯ ಜಾಗ ಮಂಚದ ತಲೆಯ ಕಡೆ. ಹಿಂದಿನ ರೀತಿಯಲ್ಲಾದರೆ ನಾಲ್ಕು ತುದಿಗಳ ‘ಇಂಟರ್‌ಮೀಡಿಯೆಟ್’ ಸ್ವಿಚ್ಚನ್ನು ನಡುವೆ ಕೂಡಿಸಿ, ಜೋಡಿ ತಂತಿಯನ್ನು ಅಲ್ಲಿಯವರೆಗೂ ಒಯ್ಯಬೇಕಾಗಿತ್ತು. ಈಗ ಗುಂಡು ಬ್ಯಾಟರಿಯ ಗುಂಡಿಯೊಂದನ್ನು ಗೋಡೆಗೆ ಅಂಟಿಸಿದರೆ ಸಾಕು. ಅದರ ಮಾತು ಹಬ್ ಎಂಬ ಪುಟ್ಟ ಯಂತ್ರದ ಮೂಲಕ ರಿಲೇಗೆ ಮುಟ್ಟುತ್ತದೆ. ಹಬ್ಬನ್ನು ಇನ್ವರ್ಟರಿನ ಸಾಕೆಟ್ಟಿಗೆ ಸೇರಿಸಿದರು. ಕರೆಂಟು ಹೋಗಿ ಬಂದಾಗ ದೀಪ ಮೊದಲಿದ್ದಂತೆಯೇ ಇರಬೇಕೆಂದು ಮೊಬೈಲಿನಲ್ಲಿ ಗೊತ್ತುಮಾಡಿದರು. ಇಲ್ಲದಿದ್ದರೆ ನಡುರಾತ್ರಿ ಕರೆಂಟು ಬಂದಾಗ ದೀಪ ತಾನೇ ಹತ್ತಿ ಕುಳಿತೀತು.

ಕೊನೆಗೆ ತಾಯಿ ಪರೀಕ್ಷಾಧಿಕಾರಿಯಾದರು. ಇಂಟರ್ನೆಟ್ಟನ್ನು ತೆಗೆಸಿದರು: ಮೂರು ಕಡೆಯೂ ದೀಪ ಮಾತು ಕೇಳಿತು. ಹಬ್ಬನ್ನೂ ತೆಗೆಸಿದರು: ಮಂಚದ ಗುಂಡಿ ಮೌನವಾಯಿತು, ಗೋಡೆಯ ಎರಡು ಸ್ವಿಚ್ಚುಗಳು ಜಗ್ಗಲಿಲ್ಲ. “ಇದು ಸರಿ” ಎಂದು ಅಂಟುಪಟ್ಟಿಗಳನ್ನು ತಾವೇ ಕಿತ್ತು ಒಲೆಗೆ ಹಾಕಿದರು.

ಮೇಷ್ಟ್ರಿಗೆ ಮಾತ್ರ ಒಂದು ಸಂದೇಹ ಉಳಿದಿತ್ತು. “ನಾನು ನಡುಮೆಟ್ಟಿಲಲ್ಲಿರುವಾಗ ನೀನು ಅಲ್ಲಿಂದ ಆರಿಸಿಬಿಟ್ಟರೆ?” ಪ್ರಶ್ನೆ ನಗುತ್ತ ಕೇಳಿದ್ದಾದರೂ ನಗೆಯದಾಗಿರಲಿಲ್ಲ. ಹತ್ತಿರವಿದ್ದು ದೀಪ ಮುಟ್ಟುವವನಿಗೆ ದಾರಿಯಲ್ಲಿ ಯಾರಿದ್ದಾರೆಂಬುದು ಕಾಣುತ್ತದೆ. ದೂರದಿಂದ ಮುಟ್ಟುವವನಿಗೆ ದೀಪವೊಂದೇ ಕಾಣುತ್ತದೆ, ಮನುಷ್ಯನು ಕಾಣುವುದಿಲ್ಲ. ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಚ್ಚುತ್ತೇನೆ ಅಪ್ಪ, ಆರಿಸುವುದಿಲ್ಲ” ಎಂದನು.

ಮಾತಿನಂತೆ ನಡೆಯುತ್ತಿದ್ದಾನೆ. ಅವನು ಹಚ್ಚಬೇಕಾದ ಸಂದರ್ಭವೂ ಬರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾದರೆ ಮೊಬೈಲನ್ನು ನೋಡುತ್ತಾನೆ, ಅಷ್ಟೆ. ಮೆಟ್ಟಿಲಿನ ದೀಪ ಹತ್ತಿದೆಯೆಂದರೆ ತಂದೆ ಎದ್ದರು. ಎರಡು ಮೂರು ನಿಮಿಷದಲ್ಲಿ ಅದು ಆರಿತೆಂದರೆ ಕ್ಷೇಮವಾಗಿ ಕೆಳಗಿಳಿದು ಅಲ್ಲಿಯ ಸ್ವಿಚ್ಚನ್ನು ಮುಟ್ಟಿದರು. ದೀಪ ಆರಿತೆನ್ನಬಾರದು, ದೊಡ್ಡದಾಯಿತೆನ್ನಬೇಕು ಎಂದು ತಾಯಿ ಅವನಿಗೆ ಚಿಕ್ಕಂದಿನಲ್ಲಿ ಎಷ್ಟೋ ಸಲ ತಿದ್ದಿ ಹೇಳಿದ್ದರು. ಆಗ ಅದು ಬರಿಯ ಶಾಸ್ತ್ರವೆಂದು ತೋರಿತ್ತು. ಈಗ ಮೊಬೈಲಿನ ಗುರುತು ಬದಲಾದುದನ್ನು ಕಂಡು ಮಗ್ಗುಲು ತಿರುಗಿ ಮಲಗುವಾಗ, ದೀಪ ದೊಡ್ಡದಾಯಿತೆಂದೇ ಅವನು ಅಂದುಕೊಳ್ಳುತ್ತಾನೆ.