ಅತ್ತೆಗೆ ಓದಿ ಹೇಳಿದ ಎರಡು ಪುಸ್ತಕ

ಈ ಮಳೆಗಾಲದಲ್ಲಿ ಎರಡು ಪುಸ್ತಕ ಓದಿ ಮುಗಿಸ್ದೆ. ಎರಡನ್ನೂ ಗಟ್ಟಿಯಾಗಿ ಓದಿದ್ದು, ಯಾಕಂದ್ರೆ ಕೇಳೋಕೆ ಅತ್ತೆ ಇದ್ರು. ನಿಮಗೆಲ್ಲ ಗೊತ್ತಲ್ಲ, ಅತ್ತೆ ಈಗ ಭದ್ರಾವತಿಯಲ್ಲಿ ನಮ್ಮ ಮೈದುನನ ಮನೇಲಿದಾರೆ. ಎಂಬತ್ತಮೂರು ವರ್ಷ. ಮನುಷ್ಯರ ಆಕಾರ ಕಾಣತ್ತೆ, ಅಕ್ಷರ ಕಾಣಲ್ಲ. ಮಂಡಿನೋವು, ಬೀಪಿ ಯಾವುದಕ್ಕೂ ಗೊಣಗದವರು ಇದೊಂದಕ್ಕೆ ಸೋತುಹೋಗಿದ್ರು. ಟೀವಿ ಹಾಕಿ ಕೂರಿಸಿದ್ರೆ "ಅಳೋದು ಬಿಟ್ರೆ ಇದರಲ್ಲಿ ಎಂತ ಇದೆ, ಆರಿಸೇ" ಅಂತಾರೆ.

ಅದಕ್ಕೇ ವಾರಕ್ಕೆರಡು ಮಧ್ಯಾಹ್ನ ಊಟ ಮುಗಿಸ್ಕೊಂಡು ಶಿವಮೊಗ್ಗದಿಂದ ಬಸ್ಸು ಹತ್ತೋದು. ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ದಾರಿ, ಸರ್ಕಾರಿ ಬಸ್ಸು ಸಿಕ್ಕಿದ್ರೆ ಹೆಂಗಸ್ರಿಗೆ ದುಡ್ಡೂ ಇಲ್ಲ.

ಅತ್ತೆಯ ಓದಿನ ಹುಚ್ಚು ಇವತ್ತಿನದಲ್ಲ. ನಮ್ಮ ಮಾವ ಎಂಪಿಎಂನಲ್ಲಿ ಕೆಲಸಕ್ಕಿದ್ದವರು. 1936ರಲ್ಲಿ ಶುರುವಾದ ಕಾಗದದ ಕಾರ್ಖಾನೆ, ಈಗ ನಿಂತುಹೋಗಿದೆ. "ಊರಿಗೆಲ್ಲ ಕಾಗದ ಮಾಡಿ ಕಳಿಸ್ತಿದ್ರು, ನಮ್ಮನೇಲಿ ಮಾತ್ರ ಓದೋಕೆ ಒಂದು ಪುಸ್ತಕ ಇರ್ಲಿಲ್ಲ" ಅಂತ ಅತ್ತೆ ಈಗ್ಲೂ ನಗ್ತಾರೆ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತ್ರಿವೇಣಿ ಕಾದಂಬರಿ ತಂದು ಅಕ್ಕಿ ಡಬ್ಬದ ಹಿಂದೆ ಇಡ್ತಿದ್ರಂತೆ. ದಿನಕ್ಕಿಷ್ಟು ಅಂತ ಬಾಡಿಗೆ, ಹಾಗಾಗಿ ರಾತ್ರಿ ಅಡುಗೆಮನೇಲೇ ಕೂತು ಮುಗಿಸೋದು. ವಾರಪತ್ರಿಕೆಯ ಧಾರಾವಾಹಿಗಳನ್ನ ಹರಿದು, ಜೋಡಿಸಿ, ದಬ್ಬಣದಲ್ಲಿ ಹೊಲಿದು ಇಟ್ಕೊಂಡ ಕಟ್ಟುಗಳು ನಾನು ಮದುವೆಯಾಗಿ ಬಂದಾಗ ಅಟ್ಟದ ಮೇಲೆ ಇದ್ವು. ನಾನು ಸೊಸೆಯಾಗಿ ಆ ಮನೇಲಿ ಹೊಂದ್ಕೊಂಡಿದ್ದೇ ಆ ಕಟ್ಟುಗಳಿಂದ ಅಂದ್ರೂ ಸುಳ್ಳಲ್ಲ.

ಮೊದಲು ಓದಿದ್ದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. 1976ರ ಕಾದಂಬರಿ. ಇಂದಿರಾ ನಮ್ಮ ತೀರ್ಥಹಳ್ಳಿಯವರೇ. ಶಾಲೆ ಕಲಿತಿದ್ದು ಕಡಿಮೆ. ಮೊದಲ ಕಾದಂಬರಿ 'ತುಂಗಭದ್ರಾ' ಬಂದಿದ್ದು 1963ರಲ್ಲಿ, ಆಗ ಅವರಿಗೆ ನಲವತ್ತಾರು ವರ್ಷ. ಅಲ್ಲಿತನಕ ನಮ್ಮ ನಿಮ್ಮ ಹಾಗೆ ಮನೆ, ಮಕ್ಕಳು, ಅಡುಗೆ. ಇದನ್ನ ಹೇಳ್ದಾಗ ಅತ್ತೆ "ಹಂಗಾದ್ರೆ ನೀನು ತಡ ಮಾಡಿದೀಯ ಬಿಡು" ಅಂದ್ರು!

ಫಣಿಯಮ್ಮ ಇಂದಿರಾ ಅವರ ಸಂಬಂಧಿಕರಲ್ಲೇ ನಿಜವಾಗಿ ಬದುಕಿದ್ದ ಹೆಂಗಸು. ಸಣ್ಣ ಹುಡುಗಿಗೆ ಮದುವೆ, ಹಾವು ಕಚ್ಚಿ ಗಂಡ ಸತ್ತ. ದೊಡ್ಡವಳಾದ ಮೇಲೆ ತಲೆ ಬೋಳಿಸಿದ್ರು. ಆಮೇಲೆ ಬದುಕಿಡೀ ಒಪ್ಪತ್ತು ಊಟ, ಬಂದವರ ಬಾಣಂತನ, ಉಪ್ಪಿನಕಾಯಿ, ಹಪ್ಪಳ. ಕತೆ ಕೇಳಿದ್ರೆ ಅಳು ಅಳು ಅನ್ಸತ್ತೆ, ಆದ್ರೆ ಪುಸ್ತಕದಲ್ಲಿ ಎಲ್ಲೂ ಗೋಳಾಟ ಇಲ್ಲ. ಅದೇ ಮಡಿ ಹೆಂಗಸು ಮುಟ್ಟಬಾರದು ಅಂದವರ ಮನೆಯ ಹುಡುಗಿ ಹೆರಿಗೆಯಲ್ಲಿ ಒದ್ದಾಡ್ತಿದ್ರೆ ಹೋಗಿ ಕೈ ಹಾಕ್ತಾಳೆ. ತಲೆ ಕೊಡಲ್ಲ ಅಂತ ಹಠ ಹಿಡಿದ ಎಳೇ ವಿಧವೆಯ ಪರ ಮಾತಾಡ್ತಾಳೆ. ಒಳಗೊಳಗೇ ಇಷ್ಟು ಯೋಚನೆ ಮಾಡಿದವಳ ಹತ್ರ ಯಾರೂ ಒಂದು ದಿನ ಕೂತು ಮಾತಾಡಿರ್ಲಿಲ್ಲ ಅನ್ನೋದೇ ನನಗೆ ಹೆಚ್ಚು ಕಾಡಿದ್ದು.

ಗಟ್ಟಿಯಾಗಿ ಓದೋದ್ರಲ್ಲಿ ಒಂದು ವಿಶೇಷ ಇದೆ ಕಣ್ರೀ. ನಾವೊಬ್ರೇ ಓದೋವಾಗ ಕಷ್ಟದ ಜಾಗ ಬಂದ್ರೆ ಕಣ್ಣು ಜಾರಿಸ್ಕೊಂಡು ಮುಂದಿನ ಪುಟಕ್ಕೆ ಹೋಗ್ತೀವಿ. ಇನ್ನೊಬ್ರು ಕೇಳ್ತಾ ಕೂತಿರೋವಾಗ ಹಾಗೆ ಮಾಡೋಕಾಗಲ್ಲ. ತಲೆ ಬೋಳಿಸೋ ಜಾಗಕ್ಕೆ ಬಂದಾಗ ನನ್ನ ಗಂಟಲು ಕಟ್ಟಿತು, ಆದ್ರೂ ಪ್ರತಿ ಅಕ್ಷರ ಓದ್ಲೇಬೇಕಾಯ್ತು. ಅತ್ತೆ ಏನೂ ಅನ್ಲಿಲ್ಲ. ಸೆರಗಿನ ತುದಿ ಮಡಚೋದು, ಬಿಚ್ಚೋದು ಮಾಡ್ತಿದ್ರು. ಕಾಫಿ ಕುಡಿದಾದ ಮೇಲೆ ನಿಧಾನಕ್ಕೆ ಅಂದ್ರು: "ನಮ್ಮಜ್ಜನ ಮನೇಲೂ ಒಬ್ರಿದ್ರು ಕಣೇ."

ಅತ್ತೆಯ ಅಪ್ಪನ ಸೋದರತ್ತೆ ಅಂತೆ. ಕೆಂಪು ಸೀರೆ, ತಲೆ ಮೇಲೆ ಸೆರಗು. ಹಿತ್ತಲ ಕಡೆಯ ಕತ್ತಲೆ ಕೋಣೆ. ಮಕ್ಕಳಿಗೆ ಸೆರಗಿನ ಗಂಟಿನಿಂದ ಒಣದ್ರಾಕ್ಷಿ ತೆಗೆದು ಕೊಡ್ತಿದ್ರಂತೆ, ಕೈ ತಾಗದ ಹಾಗೆ ಮೇಲಿಂದ ಹಾಕಿ. ಮೂವತ್ತಮೂರು ವರ್ಷ ಆಯ್ತು ನಾನು ಈ ಮನೆಗೆ ಬಂದು, ಈ ಸುದ್ದಿ ಒಂದು ದಿನಕ್ಕೂ ಕೇಳಿರ್ಲಿಲ್ಲ. "ಅವರ ಹೆಸರು ಎಂತ ಅತ್ತೆ?" ಅಂದೆ. ಬಹಳ ಹೊತ್ತು ಯೋಚನೆ ಮಾಡಿದ್ರು. "ಗೊತ್ತಿಲ್ವಲ್ಲೇ. ಮಡಿ ಅತ್ತೆ ಅಂತಿದ್ವಿ. ಹೆಸರು ಯಾರೂ ಕರೀತಾನೇ ಇರ್ಲಿಲ್ಲ."

ಆಮೇಲಿನ ವಾರ ಮನಸ್ಸು ಸ್ವಲ್ಪ ಹಗುರ ಆಗ್ಲಿ ಅಂತ ಮಗಳು ಕಳಿಸಿದ್ದ ಬಾನು ಮುಷ್ತಾಕ್ ಕತೆಗಳನ್ನ ತಗೊಂಡು ಹೋದೆ. ಎಲ್ಲಿಯ ಹಗುರ! 2025ರ ಮೇನಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಮಡಿಕೇರಿಯ ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ಮಾಡಿದ ಹನ್ನೆರಡು ಕತೆಗೆ, ಅದೇ ಬಾನು. ಹಾಸನದವರು, ಆದ್ರೆ ಚಿಕ್ಕವರಿದ್ದಾಗ ಓದಿದ್ದು ನಮ್ಮ ಶಿವಮೊಗ್ಗದ ಮಿಷನರಿ ಶಾಲೇಲಿ. ಆರು ತಿಂಗಳೊಳಗೆ ಕನ್ನಡ ಓದಿ ಬರೆಯೋಕೆ ಬರಬೇಕು ಅನ್ನೋ ಷರತ್ತಿನ ಮೇಲೆ ಸೇರಿಸ್ಕೊಂಡ್ರಂತೆ, ಹುಡುಗಿ ಕೆಲವೇ ದಿನಕ್ಕೆ ಬರೆಯೋಕೆ ಶುರು ಮಾಡಿದ್ಲು. ನಾವು ದಿನಾ ಓಡಾಡೋ ಊರು ಅಂದ್ರೆ ಖುಷಿ ಆಗಲ್ವಾ?

ಓದು ಕೇಳೋಕೆ ಪಕ್ಕದ್ಮನೆ ಆಪಾನೂ ಬಂದು ಕೂತ್ರು, ಹೊಲಿಗೆ ಹಿಡ್ಕೊಂಡು. ಬೇಸಿಗೆ ರಜದಲ್ಲಿ ಮಕ್ಕಳ ಗಲಾಟೆ ತಡೀಲಾರದೆ ಮನೆ ಯಜಮಾನಿ ಹುಡುಗರಿಗೆಲ್ಲ ಒಟ್ಟಿಗೆ ಮುಂಜಿ ಮಾಡಿಸೋ ಕತೆ ಕೇಳಿ ಇಬ್ರೂ ನಕ್ಕಿದ್ದೇ ನಕ್ಕಿದ್ದು. 'ಎದೆಯ ಹಣತೆ'ಗೆ ಬಂದಾಗ ನಗು ನಿಂತೋಯ್ತು. ಗಂಡ ಬೇರೆಯವಳ ಹಿಂದೆ ಹೋದ ಅಂತ ಮೆಹರುನ್ ಕೂಸು ಎತ್ಕೊಂಡು ತವರಿಗೆ ಬರ್ತಾಳೆ. ಅಣ್ಣತಮ್ಮಂದಿರು ಅವತ್ತೇ ವಾಪಸ್ ಕರ್ಕೊಂಡು ಹೋಗಿ ಬಿಡ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರ್ಕೊಳ್ತಾಳೆ. ದೊಡ್ಡ ಮಗಳು ಓಡಿ ಬಂದು ತಬ್ಕೊಂಡು ಉಳಿಸ್ತಾಳೆ.

ಆಪಾ ಸೂಜಿ ಕೆಳಗಿಟ್ಟು, "ನಮ್ಮ ತಂಗೀನೂ ಹಿಂಗೇ ಬಂದಿದ್ಲು" ಅಂದ್ರು. ಮುಂದೆ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ಅತ್ತೆನೇ ಕೊನೆಗೆ ಅಂದಿದ್ದು: "ಇವಳನ್ನ ತವರು ವಾಪಸ್ ಕಳಿಸ್ತು. ಫಣಿಯಮ್ಮನ್ನ ಇಟ್ಕೊಳ್ತು, ಆದ್ರೆ ಹೆಂಗೆ ಇಟ್ಕೊಳ್ತು ನೋಡು." ನಾನು ಎರಡು ಪುಸ್ತಕ ಓದಿದ್ದೆ, ಎರಡನ್ನೂ ಹೀಗೆ ಒಟ್ಟಿಗೆ ಇಟ್ಟು ನೋಡಿರ್ಲಿಲ್ಲ.

ಯಾವುದು ಚೆನ್ನಾಗಿದೆ ಅಂದ್ರೆ ನನಗೆ ಫಣಿಯಮ್ಮನೇ ಒಂದು ಕೈ ಮೇಲೆ. ಬಾನು ಅವರ ಕೆಲವು ಕತೇಲಿ ಒಂದೇ ಸಲಕ್ಕೆ ಬಹಳ ಜನ ಬರ್ತಾರೆ, ಯಾರು ಯಾರ ಅಣ್ಣ ಅಂತ ಹಿಂದೆ ತಿರುವಿ ನೋಡಬೇಕಾಗತ್ತೆ. ಆಪಾ ಒಪ್ಪಲ್ಲ. "ನಮ್ಮನೇಲಿ ಇರೋದೇ ಅಷ್ಟು ಜನ, ಅವರೆಂತ ಮಾಡ್ತಾರೆ ಪಾಪ" ಅಂತಾರೆ.

ಮುಂದಿನ ವಾರದಿಂದ 'ತುಂಗಭದ್ರಾ' ಓದಬೇಕಂತೆ, ಯಾರ ಮನೇಲಾದ್ರೂ ಇದ್ರೆ ಕಳಿಸಿಕೊಡಿ, ಜೋಪಾನವಾಗಿ ಹಿಂದಿರುಗಿಸ್ತೀನಿ. ಇನ್ನೊಂದು ಕೆಲಸ. ಅತ್ತೆಯ ತವರಿನ ಕಡೆಯವರು ಇದನ್ನ ಓದ್ತಿದ್ರೆ, ನಿಮ್ಮಲ್ಲಿ ಯಾರ ಹತ್ರವಾದ್ರೂ ಹಳೇ ಶ್ರಾದ್ಧದ ಪುಸ್ತಕ ಇದ್ಯಾ, ವಂಶಾವಳಿ ಬರೆದಿಟ್ಟಿದ್ದು? ಅದರಲ್ಲಿ ಹೆಣ್ಣುಮಕ್ಕಳ ಹೆಸರೂ ಬರೆದಿದ್ರೆ ಒಂಚೂರು ನೋಡಿ. ಒಣದ್ರಾಕ್ಷಿ ಕೊಡ್ತಿದ್ದ ಅವರ ಹೆಸರು ಎಂತ ಅಂತ ಅತ್ತೆ ಪ್ರತಿ ಸಲ ಹೋದಾಗ್ಲೂ ಕೇಳ್ತಿದಾರೆ.