ಬೆರಳಿಗೆ ಕೇಳಿದ ಕಡಲು

ಮಂಗಳೂರಿನ ಬಂದರಿನ ಓಣಿಯೊಂದರಲ್ಲಿ ಬಲೆ ಮಾರುವ ಅಂಗಡಿ. ಹೊರಗೆ ಹಸಿರು, ನೀಲಿ ಬಲೆಗಳ ರಾಶಿ, ಹಗ್ಗದ ಸಿಂಬೆಗಳು, ಗುಜ್ಜೆಕಾಯಿಯಷ್ಟು ದಪ್ಪದ ತೇಲುಬುರುಡೆಗಳು. ಇವನ್ನೆಲ್ಲ ಬಳಸಿಕೊಂಡು ಒಳಗೆ ಹೋದರೆ ಗಾಜಿನ ಕಪಾಟು, ಅದರ ತುಂಬ ಗಾಳ. “ಯಾವ ಮೀನಿಗೆ?” ಎಂದು ಅಂಗಡಿಯ ಕಾಕ ಕೇಳಿದರು. “ಮೀನಿಗೇ” ಎಂದೆ. ಜೊತೆಗಿದ್ದ ಮಾಷ್ಟ್ರು ನಕ್ಕುಬಿಟ್ಟರು. “ಇವರು ಚಳ್ಳಕೆರೆಯವರು ಕಾಕ. ಕಡಲು ಕಂಡು ಮೂರು ವರ್ಷ ಆಯ್ತಷ್ಟೆ.”

ಮಾತು ನಿಜ. ನಮ್ಮೂರ ಕೆರೆ ತುಂಬುತ್ತಿದ್ದುದೇ ಅಪರೂಪ. ತುಂಬಿದ ವರ್ಷ ಬಿದಿರುಕಡ್ಡಿ, ಜೋಳದ ದಂಟಿನ ಬೆಂಡು, ಒಂದು ಎರೆಹುಳು ಇಷ್ಟೇ ನಮ್ಮ ಸಾಮಾನು. ಗಾಳದಲ್ಲಿ ಬಗೆಯಿದೆಯೆಂದು ಗೊತ್ತಾದದ್ದು ನಲವತ್ತು ದಾಟಿದ ಮೇಲೆ, ಈ ಗಾಜಿನ ಕಪಾಟಿನ ಮುಂದೆ. ಕಾಕ ಒಂದೊಂದೇ ಡಬ್ಬಿ ತೆಗೆದು ಅಂಗೈ ಮೇಲೆ ಸುರಿದು ತೋರಿಸಿದರು. ಅವುಗಳ ಲೆಕ್ಕವೇ ವಿಚಿತ್ರ. ಹತ್ತನೇ ನಂಬರಿನ ಗಾಳ ಚಿಕ್ಕದು, ಒಂದನೇ ನಂಬರಿನದು ದೊಡ್ಡದು. ಒಂದಕ್ಕಿಂತ ದೊಡ್ಡದು ಬೇಕಾದರೆ ಅಂಕಿ ಮುಗಿದುಹೋಗಿದೆಯಲ್ಲ, ಆಗ ಪಕ್ಕಕ್ಕೊಂದು ಸೊನ್ನೆ ಸೇರಿಸಿ 1/0, 2/0, 3/0 ಎಂದು ಮತ್ತೆ ಮೇಲಕ್ಕೆ ಹತ್ತುತ್ತಾರೆ. ನಮ್ಮ ಕಚೇರಿಯ ಗ್ರೇಡುಗಳೂ ಹೀಗೇ ಇವೆ. ಅದು ಬೇರೆ ಮಾತು.

ಮೂರನೆಯವನು ನನ್ನ ಭಾವಮೈದ. ಬೆಂಗಳೂರಿನಲ್ಲಿ ಕೆಲಸ; ಮೀನು ಹಿಡಿಯುವುದನ್ನು ಪೂರ್ತಿಯಾಗಿ ಫೋನಿನ ವಿಡಿಯೊಗಳಲ್ಲೇ ಕಲಿತವನು. ಅವನು ರಾಡ್ ಎತ್ತಿ ತುದಿಯನ್ನು ಅಂಗಡಿಯ ಸೂರಿಗೆ ಒತ್ತಿ ಬಾಗಿಸಿ ನೋಡಿದ, ರೀಲಿನ ಹಿಡಿ ತಿರುಗಿಸಿ ಕಿವಿಗೆ ಹಿಡಿದು ಆಲಿಸಿದ, ಎಮ್ಮೆ ಕೊಳ್ಳುವವರು ಹಲ್ಲು ನೋಡುವ ಹಾಗೆ. “ಭಾವ, ದಾರ ಮಾತ್ರ ಬ್ರೇಡೇ ತಗೊಳ್ಳೋಣ” ಎಂದ.

ಆ ದಾರದ ಮುಂದೆ ನಾನು ಹೆಚ್ಚು ಹೊತ್ತು ನಿಂತೆ. ಹೊಲಿಗೆ ನೂಲಿನಷ್ಟೇ ತೆಳು. ಎಂಟು ಎಳೆ ಹೆಣೆದ ಪಾಲಿಎಥಿಲೀನು. ನಾನೂ ಭಾವಮೈದನೂ ಎರಡು ತುದಿ ಹಿಡಿದು ಜಗ್ಗಿದರೂ ಹರಿಯಲಿಲ್ಲ, ಅಂಗೈ ಮಾತ್ರ ಕೆಂಪಾಯಿತು. ಕಾಕ ಹೇಳಿದ್ದು ಇನ್ನೊಂದು ಗುಣ. ನೈಲಾನ್ ದಾರ ಎಳೆದರೆ ಹಿಗ್ಗುತ್ತದೆ. ಕೆಳಗೆ ಮೀನು ಮುಟ್ಟಿದ್ದು ಮೇಲೆ ಬರುವಷ್ಟರಲ್ಲಿ ದಾರವೇ ಅದನ್ನು ನುಂಗಿಬಿಡುತ್ತದೆ. ಇದು ಹಿಗ್ಗುವುದಿಲ್ಲ, ಅಲ್ಲಿ ಆದದ್ದು ಇಲ್ಲಿಗೆ ಹಾಗೇ ಬರುತ್ತದೆ. ಆದರೆ ಮೀನಿನ ಕಣ್ಣಿಗೆ ಬೀಳುತ್ತದೆ. ಅದಕ್ಕೆ ತುದಿಯಲ್ಲಿ ಒಂದು ಮಾರು ಫ್ಲೂರೊಕಾರ್ಬನ್ ಕಟ್ಟಬೇಕು. ಅದು ಬೆಳಕನ್ನು ಬಾಗಿಸುವ ಬಗೆ ನೀರಿಗೆ ನೈಲಾನಿಗಿಂತ ಹತ್ತಿರ, ಹಾಗಾಗಿ ನೀರೊಳಗೆ ಕಾಣುವುದು ಕಡಿಮೆ. ಮಾಷ್ಟ್ರು ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವರು. ವಕ್ರೀಭವನದ ಪಾಠವನ್ನು ಅಲ್ಲೇ ಶುರುಮಾಡಿದರು. ಕಾಕ ಬಿಲ್ಲು ಬರೆಯತೊಡಗಿದರು.

ಗೋಡೆಯ ತುಂಬ ಹುಸಿಮೀನುಗಳು ನೇತಾಡುತ್ತಿದ್ದವು. ಕಣ್ಣು, ಕಿವಿರು, ಹುರುಪೆ ಎಲ್ಲ ಬಿಡಿಸಿ, ಹೊಟ್ಟೆಗೂ ಬಾಲಕ್ಕೂ ಮುಮ್ಮೊನೆಯ ಗಾಳ ತೂಗಿಬಿಟ್ಟವು. ಇವುಗಳಲ್ಲಿ ಒಂದರ ಮೂಲ ಫಿನ್ಲೆಂಡಿನ ಸರೋವರದ್ದು. 1936ರಲ್ಲಿ ಲೌರಿ ರಪಾಲಾ ಎಂಬ ಬಡ ಮೀನುಗಾರ, ಹಿಂಡಿನಲ್ಲಿ ಗಾಯಗೊಂಡು ಓಲಾಡುವ ಮೀನನ್ನೇ ದೊಡ್ಡ ಮೀನು ಮೊದಲು ಹಿಡಿಯುವುದನ್ನು ಗಮನಿಸಿ, ಬೆಂಡನ್ನು ಚಮ್ಮಾರನ ಚೂರಿಯಲ್ಲಿ ಕೆತ್ತಿ, ಚಾಕೊಲೇಟಿಗೆ ಸುತ್ತಿ ಬಂದ ತಗಡುಕಾಗದ ಅಂಟಿಸಿ, ಫೋಟೊ ನೆಗೆಟಿವ್ ಕರಗಿಸಿ ಮೆರುಗು ಕೊಟ್ಟನಂತೆ. ನಮ್ಮ ಜೋಳದ ಬೆಂಡಿನ ದೂರದ ನೆಂಟ ಎಂದು ನನಗೆ ಅದರ ಮೇಲೆ ಮಮತೆ ಬಂತು. ಭಾವಮೈದ ನಾಲ್ಕು ಕೊಂಡ.

ವಾಪಸು ಬರುವಾಗ ಕಾರಿನಲ್ಲಿ ಮಾಷ್ಟ್ರು ಹೇಳಿದ್ದನ್ನು ಮೊದಲು ನಾನು ನಂಬಲಿಲ್ಲ. ಭಾರತದಲ್ಲಿ ಗಾಳ ಹಾಕುವ ಬಗ್ಗೆ ಬಂದ ಹೆಸರಾಂತ ಇಂಗ್ಲಿಷ್ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’. ಅದು 1873ರಲ್ಲಿ ಮೊದಲು ಹೊರಬಂದದ್ದು ಲಂಡನ್ನಿನಲ್ಲಲ್ಲ, ಇದೇ ಮಂಗಳೂರಿನಲ್ಲಿ. ಬರೆದವರು ಎಚ್.ಎಸ್. ಥಾಮಸ್, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಅವರ ಜೀವ ಇದ್ದದ್ದು ಹೊಳೆಯ ಮಹಶೀರ್ ಮೀನಿನ ಮೇಲೆ. ಕಂದಾಯ ವಸೂಲಿಯ ನಡುವೆ ಅವರಿಗೆ ಅಷ್ಟು ಪುರುಸೊತ್ತು ಹೇಗೆ ಸಿಕ್ಕಿತೋ!

ನವೆಂಬರ್ ಕೊನೆಯ ವಾರ, ಅಮಾವಾಸ್ಯೆಯ ಹಿಂದಿನ ದಿನ. ಬೆಳಗಿನ ಜಾವ ನಾಲ್ಕೂವರೆಗೆ ಮಲ್ಪೆ ಬಂದರು ನಮಗಿಂತ ಮೊದಲೇ ಎದ್ದಿತ್ತು. ಐಸ್ ಒಡೆಯುವ ಸದ್ದು, ಡೀಸೆಲ್ ವಾಸನೆ, ಮೈಗೆ ಮೈ ತಾಗಿಸಿ ನಿಂತ ಟ್ರಾಲ್ ಬೋಟುಗಳು. ನಮ್ಮದು ಔಟ್‌ಬೋರ್ಡ್ ಎಂಜಿನ್ ಕಟ್ಟಿದ ನಾಡದೋಣಿ. ಅದನ್ನು ನಡೆಸುವ ತಂಡೇಲರು ಮಾಷ್ಟ್ರ ಹಳೆಯ ಶಿಷ್ಯ, ವಯಸ್ಸು ಐವತ್ತರ ಮೇಲೆ. ಈಗಲೂ ಅವರೆದುರು ಬೀಡಿ ಹಚ್ಚುವುದಿಲ್ಲ. ಮೂವರಿಗೂ ಲೈಫ್ ಜಾಕೆಟ್ ಬಿಗಿದು, ನನ್ನ ಮುಖ ನೋಡಿ, “ವಾಂತಿ ಬಂದ್ರೆ ಗಾಳಿ ಹೋಗುವ ದಿಕ್ಕಿಗೆ ಮಾಡಿ, ಆಯ್ತಾ?” ಎಂದರು. ಅಳಿವೆಬಾಗಿಲು ದಾಟುವಾಗಲೇ ಆ ಮಾತು ಉಪಯೋಗಕ್ಕೆ ಬಂತು. ಅದರ ವಿವರ ಬೇಡ.

ತಲೆ ಎತ್ತಿದಾಗ ಕಂಡದ್ದನ್ನು ಹೇಳಬೇಕು. ದೋಣಿಯ ಮೂತಿ ಸೀಳಿದ ನೀರು ಎರಡೂ ಬದಿಗೆ ನೀಲಿಯಾಗಿ ಉರಿಯುತ್ತಿತ್ತು. ಊರಿನ ದೀಪ ಇರಬೇಕೆಂದು ಹಿಂದೆ ನೋಡಿದೆ. ದಡ ದೂರದಲ್ಲಿ ಒಂದು ಗೆರೆಯಷ್ಟೇ. ಬಗ್ಗಿ ಕೈ ಅದ್ದಿದೆ. ಐದು ಬೆರಳಿಗೂ ಬೆಳಕಿನ ಬಾಲ ಹುಟ್ಟಿತು. ಎತ್ತಿದರೆ ಮುಂಗೈ ಕೂದಲಿನಲ್ಲಿ ಎರಡು ಮೂರು ಕಿಡಿ ಮಿಣುಕಿ ಆರಿದವು. ನಾಕ್ಟಿಲೂಕಾ ಎನ್ನುತ್ತಾರೆ ಇದನ್ನು. ಒಂದೇ ಜೀವಕೋಶದ ಜೀವಿ, ಸಾಸಿವೆಗಿಂತ ಸಣ್ಣದು. ನೀರು ಕಲಕಿದರೆ ಮಿಂಚುತ್ತದೆ. ಮಳೆಗಾಲ ಮುಗಿದ ಮೇಲೆ ಕೆಲವು ವರ್ಷ ನಮ್ಮ ಕರಾವಳಿಯಲ್ಲಿ ಹೀಗೆ ತುಂಬಿಕೊಳ್ಳುತ್ತದೆ. ಕತ್ತಲ ರಾತ್ರಿ ಮೀನಿನ ಹಿಂಡು ಓಡಿದ ದಾರಿಯೂ ಹೀಗೇ ಹೊಳೆಯುತ್ತದೆ, ಅದನ್ನು ನೋಡಿಯೇ ಬಲೆ ಬಿಡುತ್ತಿದ್ದೆವು ಎಂದರು ತಂಡೇಲರು.

ಭಾವಮೈದ ತಡೆಯಲಾರದೆ ಹುಸಿಮೀನು ಕಟ್ಟಿ ಎಸೆದ. ಎಂಜಿನ್ ನಿಲ್ಲಿಸಿದ್ದರು. ಮೌನದಲ್ಲಿ ಅವನು ರೀಲು ಸುತ್ತಿದಂತೆ ಆ ಕೂದಲೆಳೆಯ ದಾರ ನೀರನ್ನು ಕೊಯ್ದ ಜಾಗದಲ್ಲಿ ಒಂದು ಬೆಳಕಿನ ಗೆರೆ; ಅದರ ಕೊನೆಗೆ ಧೂಮಕೇತುವಿನಂತೆ ಹುಸಿಮೀನು, ಓಲಾಡುತ್ತ, ಫಿನ್ಲೆಂಡಿನ ಆ ಮನುಷ್ಯ ಕೆತ್ತಿದ ಓಲಾಟವನ್ನೇ ಓಲಾಡುತ್ತ, ನಮ್ಮ ಕಡೆಗೆ ಬಂತು. ಯಾವ ಮೀನೂ ಹಿಡಿಯಲಿಲ್ಲ. ಐದಾರು ಸಲ ಎಸೆದ. ಮೀನು ಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಬೆಳಕು ಹರಿದಾಗ ಸೇಂಟ್ ಮೇರೀಸ್ ದ್ವೀಪಗಳು ಎದುರಿಗಿದ್ದವು. ಮಲ್ಪೆಯಿಂದ ಸುಮಾರು ಆರು ಕಿಲೋಮೀಟರ್. ಹಗಲು ಪ್ರವಾಸಿಗರು ಸೆಲ್ಫಿಗೆ ಹತ್ತುವ ಕಲ್ಲಿನ ಕಂಬಗಳು ಆಗ ಖಾಲಿ. ಐದು, ಆರು, ಏಳು ಮೂಲೆಯ ಕಂಬಗಳು, ಯಾರೋ ಪೆನ್ಸಿಲ್ ಕಟ್ಟು ನಿಲ್ಲಿಸಿಟ್ಟಂತೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ, ಉಕ್ಕಿದ ಲಾವಾ ತಣ್ಣಗಾಗುತ್ತ ಕುಗ್ಗಿ, ಒಣಗಿದ ಕೆರೆಯ ಕೆಸರಿನಂತೆ ಬಿರುಕು ಬಿಟ್ಟು ಆದವು. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ಇಳಿದನೆಂಬ ಪ್ರತೀತಿಯೂ ಇದೆ. ಒಣಗಿದ ಕೆರೆಯ ಕೆಸರನ್ನು ನೋಡಿಯೇ ಬೆಳೆದ ನನಗೆ ಮಾತ್ರ ಬಿರುಕಿನ ವಿಷಯದಲ್ಲಿ ಯಾರ ಸಾಕ್ಷಿಯೂ ಬೇಕಿರಲಿಲ್ಲ.

ದ್ವೀಪದಿಂದ ದೂರ ಸರಿದು ಲಂಗರು ಹಾಕಿದೆವು. ಸಿಗಡಿ ಚುಚ್ಚಿ, ಅರವತ್ತು ಗ್ರಾಂ ಸೀಸ ಕಟ್ಟಿ ಬಿಟ್ಟೆ. ದಾರ ಕೆಳಗೆ ಹೋಗುವ ಬದಲು ಓರೆಯಾಗಿ ಹೋಯಿತು, ಹೋಗುತ್ತಲೇ ಇತ್ತು. ಅಂಗಡಿಯಲ್ಲಿ ಕೊಂಡ ಗುಣಗಳೆಲ್ಲ ನೀರಿನಲ್ಲಿ ಅಡ್ಡ ಹರಿದವು. ತಂಡೇಲರು ಸ್ವಲ್ಪ ಹೊತ್ತು ಮರ್ಯಾದೆಗೆ ಸುಮ್ಮನಿದ್ದು, ಆಮೇಲೆ ಹೇಳಿದರು: “ನಾಳೆ ಅಮಾಸೆ ಅಲ್ವಾ ಸರ್, ಸೆಳೆತ ಜೋರುಂಟು. ಇದು ಅಡಿ ಮುಟ್ಟುದಿಲ್ಲ.” ಕಾಲಿನ ಬಳಿಯಿದ್ದ ಪ್ಲಾಸ್ಟಿಕ್ ಬಾಟಲಿ ಕೊಟ್ಟರು. ಅದಕ್ಕೆ ಸುತ್ತಿದ ದಪ್ಪ ನೈಲಾನ್ ದಾರ, ತುದಿಗೆ ಕಾಲು ಕಿಲೋ ಇರಬಹುದಾದ ಸೀಸ, ಒಂದು ಗಾಳ, ಬೂತಾಯಿ ಮೀನಿನ ತುಂಡು. ರಾಡೂ ಇಲ್ಲ, ರೀಲೂ ಇಲ್ಲ.

“ಬಿಡಿ, ಮಾರು ಎಣಿಸಿ.” ಆರು ಮಾರಿಗೆ ಸೀಸ ನಿಂತಿತು. “ಈಗ ಬೆರಳಿನ ಮೇಲೆ ಇಟ್ಕೊಳ್ಳಿ. ಸ್ವಲ್ಪ ಎತ್ತಿ, ಬಿಡಿ. ಎಂತ ಕೇಳ್ತದೆ?”

ಏನೂ ಕೇಳಲಿಲ್ಲ.

“ಕಿವಿಯಲ್ಲಿ ಅಲ್ಲ ಮಾರಾಯ್ರೆ. ಬೆರಳಲ್ಲಿ.”

ಎತ್ತಿ ಬಿಟ್ಟೆ. ಹಿಟ್ಟಿನ ಮೂಟೆಯ ಮೇಲೆ ಏನೋ ಬಿದ್ದ ಹಾಗೆ ಮೆತ್ತಗೆ. “ಅದು ಮರಳು” ಎಂದರು, ನನ್ನ ಕೈ ನೋಡದೆಯೇ. ಲಂಗರಿನ ಹಗ್ಗದಲ್ಲೇ ದೋಣಿ ಸ್ವಲ್ಪ ಸರಿಯಿತು. ಮತ್ತೆ ಎತ್ತಿ ಬಿಟ್ಟೆ. ಟಕ್. ಬಾಗಿಲಿಗೆ ಬೆರಳ ಗೆಣ್ಣಿನಿಂದ ಬಡಿದ ಹಾಗೆ, ಆರು ಮಾರು ಕೆಳಗಿಂದ. ದ್ವೀಪದ ಮೇಲೆ ಕಂಡ ಆ ಕಲ್ಲೇ ಕೆಳಗೂ ಹರಡಿರಬೇಕು. ಕಣ್ಣಿಗೆ ಕಾಣದ ನೆಲವನ್ನು ಒಂದು ದಾರದಿಂದ ತಡಕುತ್ತಿದ್ದೇನೆ ಎಂಬುದು ಮೈಗೆ ಹತ್ತಿದ್ದು ಆಗ. ಹೊಟ್ಟೆಯ ತೊಳಸಾಟ ನಿಂತುಹೋಗಿತ್ತು. ಯಾವಾಗ ನಿಂತಿತೋ ತಿಳಿಯಲಿಲ್ಲ.

ಮೊದಲು ಸಣ್ಣ ಮೀನುಗಳ ಚಿಟಿಚಿಟಿ. ಅವು ಬೂತಾಯಿಯನ್ನು ನೂಲುನೂಲಾಗಿ ಬಿಡಿಸಿ ತಿಂದು ಬರಿ ಗಾಳ ಕಳಿಸಿದವು. ಮಾಷ್ಟ್ರಿಗೆ ಒಂದು ತೇಡೆ ಸಿಕ್ಕಿತು. ಮೀಸೆಯ ಮೀನು, ಬೆನ್ನಿಗೂ ಎರಡು ಪಕ್ಕಕ್ಕೂ ಗರಗಸದಂಥ ಮುಳ್ಳು, ಚುಚ್ಚಿದರೆ ನಂಜು. ತಂಡೇಲರು ಬಟ್ಟೆ ಸುತ್ತಿ ಹಿಡಿದು ಗಾಳ ಬಿಡಿಸಿ ನೀರಿಗೆ ಹಾಕಿದರು. ತೇಡೆಯ ಮೊಟ್ಟೆಗಳನ್ನು ಗಂಡು ಮೀನು ಬಾಯಲ್ಲಿ ಹೊತ್ತು ತಿರುಗುತ್ತದೆ, ಮರಿಯಾಗುವವರೆಗೆ ಉಪವಾಸ. ಅಂಥ ಕಾಲದಲ್ಲಿ ಬಲೆಗೆ ಬಿದ್ದರೆ ಬಾಯಿಂದ ಗೋಲಿಯಂಥ ಹಳದಿ ಮೊಟ್ಟೆಗಳು ಬೋಟಿನ ಹಲಗೆಯ ಮೇಲೆ ಉರುಳುತ್ತಿದ್ದವಂತೆ. “ಚಿಕ್ಕವನಿದ್ದಾಗ ಬುಟ್ಟಿಗಟ್ಟಲೆ ನೋಡಿದ್ದೆ ಸರ್. ಈಗ ತೇಡೆಯೇ ಕಡಿಮೆ” ಎಂದು ಇಷ್ಟೇ ಹೇಳಿ ಎದ್ದು ಹೋಗಿ ಲಂಗರಿನ ಹಗ್ಗ ನೋಡಿದರು.

ಎಂಟು ಗಂಟೆಯ ಹೊತ್ತಿಗೆ ನನ್ನ ದಾರಕ್ಕೆ ಧಡ್ ಎಂದು ಏಟು ಬಿತ್ತು. ಎಳೆದೆ. ಅದೂ ಎಳೆಯಿತು. ಒಂದು ಮಾರು ನನ್ನದಾಯಿತು, ಎರಡು ಮಾರು ಅದರದ್ದಾಯಿತು, ಆಮೇಲೆ ಎಲ್ಲ ನಿಂತುಹೋಯಿತು, ಭೂಮಿಯೇ ಗಾಳಕ್ಕೆ ಸಿಕ್ಕಿದಂತೆ. “ಮುರು ಮೀನು. ಕಲ್ಲಿನ ಸಂದಿಗೆ ಹೊಕ್ಕಿತು” ಎಂದರು ತಂಡೇಲರು. ಅಲ್ಲಿ ಅದು ಕಿವಿರು ಅಗಲಿಸಿ, ಮೈ ಉಬ್ಬಿಸಿ ಬೆಣೆ ಹೊಡೆದ ಹಾಗೆ ಕೂರುತ್ತದೆ. ಎಳೆದಷ್ಟೂ ದಾರ ಕಲ್ಲಿಗೆ ಉಜ್ಜಿ ತುಂಡಾಗುತ್ತದೆ. “ಸಡಿಲ ಬಿಡಿ. ಪೂರಾ ಬಿಡಿ. ಅದಕ್ಕೆ ಮರೆತುಹೋಗ್ಬೇಕು.”

ಬಿಟ್ಟು ಕೂತೆ. ಮಾಷ್ಟ್ರು ಗಡಿಯಾರ ನೋಡಿದರು. ಭಾವಮೈದ ಆ ಕಡೆ ಎಸೆದ ಹುಸಿಮೀನು ಬಂಡೆಗೆ ಸಿಕ್ಕಿಕೊಂಡಿತ್ತು. ದಾರ ಹಿಡಿದು ಜಗ್ಗಲು ಹೋಗಿ ಬ್ರೇಡು ಬೆರಳು ಕೊಯ್ದಿತ್ತು. ಆರುನೂರು ರೂಪಾಯಿಯ ಹುಸಿಮೀನು ಕಡಲಿಗೆ, ಬೆರಳು ಬಾಯಿಗೆ. ನಾನು ಅವನ ಕಡೆ ತಿರುಗಲಿಲ್ಲ. ತೋರುಬೆರಳ ಮೇಲೆ ಸಡಿಲ ದಾರ. ಅದರಲ್ಲಿ ಸೆಳೆತದ ಸಣ್ಣ ಗುನುಗು ಬಿಟ್ಟರೆ ಬೇರೇನಿಲ್ಲ. ಆರೇಳು ನಿಮಿಷವಾಗಿರಬೇಕು. ಗುನುಗು ಬದಲಾಯಿತು. ಹೇಗೆ ಬದಲಾಯಿತು ಎಂದು ಕೇಳಿದರೆ ಹೇಳಲಾರೆ. ಪಕ್ಕದ ಕೋಣೆಯಲ್ಲಿ ಮಲಗಿದ್ದವರು ಎದ್ದು ಕೂತರೆ ನಮಗೆ ಗೊತ್ತಾಗುತ್ತದಲ್ಲ, ಹಾಗೆ. “ಹೊರಗೆ ಬಂತು” ಎಂದೆ. “ಹಾಂ, ಈಗ ಎಳೀರಿ!”

ಮೇಲೆ ಬಂದದ್ದು ಒಂದೂವರೆ ಕಿಲೋದ ಮುರು. ಕಂದು ಮೈ, ಕಿತ್ತಳೆ ಚುಕ್ಕೆ, ಮೈಯ ಮುಕ್ಕಾಲು ಪಾಲು ಬಾಯಿಯೇ ಏನೋ ಎನ್ನಿಸುವ ಬಾಯಿ. ನೋಡನೋಡುತ್ತ ಅದರ ಮೈಯ ಪಟ್ಟೆಗಳು ಮಸುಕಾಗಿ, ಮತ್ತೆ ಮೂಡಿ, ಬಣ್ಣ ಬದಲಾಗುತ್ತ ಹೋಯಿತು. ಈ ಮೀನು ಹುಟ್ಟುವಾಗ ಹೆಣ್ಣು, ಬೆಳೆದು ದೊಡ್ಡದಾದ ಮೇಲೆ ಗಂಡಾಗುತ್ತದೆ ಎಂದರು ಮಾಷ್ಟ್ರು. ನನ್ನದು ಯಾವ ಹಂತದಲ್ಲಿತ್ತೋ. ದೋಣಿಯಲ್ಲೇ ಕುಚ್ಚಲಕ್ಕಿ ಗಂಜಿಯ ಜೊತೆ ಅದರ ಸಾರು ಆಯಿತು. ತಲೆಯ ಪಾಲು ತಂಡೇಲರು ನನಗೇ ಬಡಿಸಿದರು.

ಮುಂದಿನ ಸಲಕ್ಕೆ ಮಾಷ್ಟ್ರು ಪಂಚಾಂಗ ನೋಡಿ ಶುಕ್ಲಪಕ್ಷದ ಅಷ್ಟಮಿ, ನವಮಿ ಗುರುತು ಹಾಕಿದ್ದಾರೆ. ಆ ದಿನಗಳಲ್ಲಿ ಸೆಳೆತ ಕಡಿಮೆ, ಚಂದ್ರನೂ ನಡುರಾತ್ರಿ ಕಳೆದ ಮೇಲೆ ಮುಳುಗಿಬಿಡುತ್ತಾನೆ. ಬೆಳಗಿನ ಜಾವ ಕತ್ತಲೇ ಇರುತ್ತದೆ. ನಾನು ಬಂದರಿನ ಅಂಗಡಿಗೆ ಮತ್ತೆ ಹೋಗಿ ಕಾಕನಿಂದ ಕಾಲು ಕಿಲೋದ ಸೀಸದ ಗುಂಡು ಎರಡು ತಂದಿಟ್ಟುಕೊಂಡಿದ್ದೇನೆ.