ಕಚೇರಿಯ ಸಹಿ, ಹೂಲಿಯ ಅಕ್ಕಿಕಾಳು

ಕಾನೂನಿನ ಪ್ರಕಾರ ಈಗಾಗಲೇ ಗಂಡ-ಹೆಂಡತಿಯಾದವರು ಬಂಧುಬಳಗದ ಮುಂದೆ ಮತ್ತೊಮ್ಮೆ ಮದುವೆಯಾಗುವುದಕ್ಕೆ ಕನ್ನಡದಲ್ಲಿ ಪ್ರತ್ಯೇಕ ಹೆಸರಿಲ್ಲ. ‘ಎರಡನೇ ಮದುವೆ’ ಎಂದರೆ ಬೇರೆಯವರೊಂದಿಗಿನ ಸಂಬಂಧ. ಉತ್ತರ ಕರ್ನಾಟಕದ ‘ಉಡಿಕೆ’ ಎಂದರೆ ಗಂಡ ಸತ್ತವಳ ಅಥವಾ ಗಂಡನನ್ನು ಬಿಟ್ಟವಳ ಮರುಮದುವೆ. ಆದ್ದರಿಂದ ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಈ ಸಂಗತಿಯನ್ನು ಹೆಸರಿನಿಂದಲ್ಲ, ಕೆಲಸದಿಂದ ಗುರುತಿಸುವುದು ಸಹಜ: ಕಚೇರ್ಯಾಗ ಆಗೇದ, ಊರಾಗ ನಾಕು ಅಕ್ಕಿಕಾಳು ಹಾಕೂದೈತಿ. ಸವದತ್ತಿಯಿಂದ ಹೂಲಿಗೆ, ಅಲ್ಲಿಂದ ಯಲ್ಲಮ್ಮನ ಗುಡ್ಡಕ್ಕೆ ಸಾಗಿದ ನಮ್ಮ ಪಯಣ ಆ ಅಕ್ಕಿಕಾಳಿನ ಜಾಡು ಹಿಡಿದದ್ದು.

ಮೊದಲ ನಿಲ್ದಾಣ ತಾಲೂಕು ಕೇಂದ್ರವಾದ ಸವದತ್ತಿ. ಕಚೇರಿ ಮದುವೆಗೆ ಆಧಾರ 1954ರ ವಿಶೇಷ ವಿವಾಹ ಕಾಯ್ದೆ. ಜೋಡಿ ನೋಟಿಸು ಕೊಡಬೇಕು, ಅದು 30 ದಿನ ಫಲಕದಲ್ಲಿರಬೇಕು, ಆಮೇಲೆ ಅಧಿಕಾರಿಯ ಮತ್ತು ಮೂವರು ಸಾಕ್ಷಿಗಳ ಎದುರು ಜೋಡಿ ಒಬ್ಬರನ್ನೊಬ್ಬರು ಒಪ್ಪಿದ ಮಾತು ಹೇಳಬೇಕು, ಜೋಡಿಯ ಮತ್ತು ಸಾಕ್ಷಿಗಳ ಸಹಿ ಬೀಳಬೇಕು. ಅಲ್ಲಿಗೆ ಮದುವೆ ಪೂರ್ತಿ. ತಾಳಿ, ಸಪ್ತಪದಿ ಯಾವುದೂ ಕಡ್ಡಾಯವಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ದಾರಿ ಬೇರೆ. ಅದರಲ್ಲಿ ಶಾಸ್ತ್ರ ಮೊದಲು, ನೋಂದಣಿ ನಂತರ. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇದನ್ನು ಬಿಡಿಸಿ ಹೇಳಿತು: ಶಾಸ್ತ್ರವೇ ನಡೆಯದಿದ್ದರೆ ಬರೀ ಪ್ರಮಾಣಪತ್ರದಿಂದ ಹಿಂದೂ ವಿವಾಹ ಆಗುವುದಿಲ್ಲ. ವೀಸಾಕ್ಕೆ ಪತ್ರ ಬೇಕೆಂದು ಅವಸರದಲ್ಲಿ ಹಿಂದೂ ಕಾಯ್ದೆಯಡಿ ನೋಂದಾಯಿಸಿ, ‘ಖರೆ ಮದುವಿ ಆಮ್ಯಾಲೆ’ ಎಂದು ಮುಂದೂಡುವ ಮನೆಗಳು ಈ ತೀರ್ಪನ್ನು ಅಗತ್ಯವಾಗಿ ತಿಳಿದಿರಬೇಕು. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಈ ಆತಂಕವಿಲ್ಲ. ಅವರು ಊರಲ್ಲಿ ಮಾಡುವ ಸಂಭ್ರಮ ಮೊದಲ ತಾರೀಖನ್ನು ಬದಲಿಸುವುದೂ ಇಲ್ಲ.

ಸವದತ್ತಿಯಿಂದ ಹೂಲಿ ಸುಮಾರು 9 ಕಿ.ಮೀ. ದೂರ. ಗುಡ್ಡದ ಬುಡದ ಈ ಊರಿಗೆ ಶಾಸನಗಳಲ್ಲಿ ‘ಪೂಲಿ’ ಎಂಬ ಹೆಸರಿದೆ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಇದು ಸಾವಿರ ಮಹಾಜನರ ಅಗ್ರಹಾರ. ಪಂಚಲಿಂಗೇಶ್ವರ ಗುಡಿಯ ತಂಪಾದ ಕಂಬಸಾಲಿನಲ್ಲಿ ನಿಂತಾಗ, ಸುತ್ತಲಿನ ಪಾಳುಬಿದ್ದ ಗುಡಿಗಳನ್ನು ನೋಡುವಾಗ, ಸಾಕ್ಷಿ ಎಂಬ ಮಾತಿಗೆ ಇಲ್ಲಿ ಎಷ್ಟು ಹಳೆಯ ಬೇರಿದೆ ಎಂಬುದು ಮನಸ್ಸಿಗೆ ತಾಗುತ್ತದೆ. ಆ ಕಾಲದ ಅಗ್ರಹಾರಗಳಲ್ಲಿ ದಾನಕೊಟ್ಟ ಭೂಮಿಯನ್ನು ಕಾಯುವ ಹೊಣೆ ಮಹಾಜನರದಾಗಿರುತ್ತಿತ್ತು; ಹತ್ತು ಜನರೆದುರು ಆದ ಮಾತು ಕಲ್ಲಿಗೇರುತ್ತಿತ್ತು. ಕಚೇರಿಗೆ ಮೂವರು ಸಾಕ್ಷಿ ಸಾಕು. ಊರಿಗೆ ಸಾಲದು.

ಹಾಗಾಗಿಯೇ ಹಂದರ ಏಳುತ್ತದೆ. ಈ ಸೀಮೆಯ ಮದುವೆಯಲ್ಲಿ ಪುರೋಹಿತರ ಪಾಲಿಗಿಂತ ಊರಿನ ಪಾಲು ದೊಡ್ಡದು. ಕುಂಬಾರರ ಮನೆಯಿಂದ ಬಣ್ಣ ಬರೆದ ಐರಣಿ ಗಡಿಗೆಗಳು ವಾಜಂತ್ರಿಯೊಂದಿಗೆ ಬರಬೇಕು. ಮದುಮಕ್ಕಳಿಗೆ ಅರಿಷಿಣ ಹಚ್ಚಬೇಕು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಕೂರಿಸಿ ನೀರೆರೆಯುವ ಸುರಗಿ ಆಗಬೇಕು. ಸೋದರತ್ತೆಗೆ, ಸೋದರಮಾವನಿಗೆ ತಮ್ಮ ತಮ್ಮ ಮಾನವಿದೆ. ಮುತ್ತೈದೆಯರು ಉಡಿ ತುಂಬುತ್ತಾರೆ, ಬಾಸಿಂಗ ಕಟ್ಟಿದ ಜೋಡಿಯ ಮೇಲೆ ನೆರೆದವರೆಲ್ಲ ಅಕ್ಕಿಕಾಳು ಎಸೆಯುತ್ತಾರೆ. ಪುಣೆಯಲ್ಲೋ ಬೆಂಗಳೂರಲ್ಲೋ ಸಹಿ ಮಾಡಿ ಬಂದವರ ಮದುವೆಯಲ್ಲಿ ಈ ಯಾವುದೂ ಆಗಿರುವುದಿಲ್ಲ. ಊರಿನ ಕಾರ್ಯವನ್ನು ‘ಮತ್ತೊಮ್ಮೆ’ ಎನ್ನುವುದು ಕಾನೂನಿನ ಕಣ್ಣಿಗೆ ಸರಿ, ಆದರೆ ಅತ್ತೆಯ, ಅಜ್ಜಿಯ ಪಾಲಿಗೆ ಅದೇ ಮೊದಲನೆಯದು. ಇದನ್ನು ಬರೀ ಆಡಂಬರ ಎಂದು ತಳ್ಳಿಹಾಕುವುದು ಅನ್ಯಾಯ. ಸಾಲ ಮಾಡಿ ಹಂದರ ದೊಡ್ಡದು ಮಾಡುವುದೂ ಅಷ್ಟೇ ಅನ್ಯಾಯ. ಅಕ್ಕಿಕಾಳಿಗೆ ದೊಡ್ಡ ಖರ್ಚಿಲ್ಲ.

ಕಟ್ಟಿದ ತಾಳಿಯನ್ನೇ ಮತ್ತೆ ಕಟ್ಟಬಹುದೇ ಎಂಬ ಅಳುಕು ಕೆಲವು ಮನೆಗಳಲ್ಲಿ ಇರುತ್ತದೆ. ಸಂಪ್ರದಾಯದಲ್ಲೇ ಇದಕ್ಕೆ ಉತ್ತರವಿದೆ. ಗಂಡನಿಗೆ 60 ತುಂಬಿದಾಗ ಮಾಡುವ ಷಷ್ಟ್ಯಬ್ದಿಯಲ್ಲಿ ಮಕ್ಕಳು ಮೊಮ್ಮಕ್ಕಳ ಎದುರೇ ಅದೇ ಹೆಂಡತಿಗೆ ಮತ್ತೆ ತಾಳಿ ಕಟ್ಟುವ ರೂಢಿ ಅನೇಕ ಕುಟುಂಬಗಳಲ್ಲಿದೆ. ಗುಡಿಗಳ ಕಲ್ಯಾಣೋತ್ಸವದಲ್ಲಂತೂ ದೇವ-ದೇವಿಯರ ಮದುವೆ ವರ್ಷವರ್ಷವೂ ನಡೆಯುತ್ತದೆ.

ಇದರ ಅತಿ ದೊಡ್ಡ ರೂಪ ಕಾಣಲು ಹೂಲಿಯಿಂದ ಸವದತ್ತಿಗೆ ಮರಳಿ ಗುಡ್ಡ ಏರಬೇಕು. ಯಲ್ಲಮ್ಮ, ಅಂದರೆ ಜಮದಗ್ನಿಯ ಮಡದಿ ರೇಣುಕೆ. ಕಾರ್ತವೀರ್ಯನ ಕಡೆಯವರಿಂದ ಜಮದಗ್ನಿ ಹತನಾದ ನೆನಪಿಗೆ ಹೊಸ್ತಿಲ ಹುಣ್ಣಿಮೆಯಂದು ದೇವಿಯ ಕಂಕಣ-ಮಾಂಗಲ್ಯ ತೆಗೆಯಲಾಗುತ್ತದೆ. ಜನರ ಬಾಯಲ್ಲಿ ಅದು ರಂಡಿ ಹುಣ್ಣಿಮೆ. ಜಮದಗ್ನಿ ಮರಳಿ ಜೀವ ಪಡೆದನೆಂಬ ನಂಬಿಕೆಯಂತೆ ಮಾಘದ ಭಾರತ ಹುಣ್ಣಿಮೆಗೆ ಮತ್ತೆ ಮಾಂಗಲ್ಯ ಏರುತ್ತದೆ. ಅದು ಮುತ್ತೈದೆ ಹುಣ್ಣಿಮೆ. ಗಂಡ ಅವನೇ, ಹೆಂಡತಿ ಅವಳೇ, ಮದುವೆ ಮಾತ್ರ ಹೊಸದು. ಲಕ್ಷಾಂತರ ಜನ ಸೇರುವ ಇದೇ ಗುಡ್ಡದಲ್ಲಿ ಬಡ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವಿಗೆ ಬಿಡುವ ಕ್ರೂರ ಪದ್ಧತಿಯೂ ಇತ್ತು. ಅದನ್ನು ನಿಷೇಧಿಸುವ ಕಾಯ್ದೆ ರಾಜ್ಯದಲ್ಲಿ ರೂಪುಗೊಂಡದ್ದು 1982ರಲ್ಲಿ. ಅಲ್ಲಿ ಊರೆಲ್ಲ ಸಾಕ್ಷಿಯಾದರೂ ಹುಡುಗಿಯ ಒಪ್ಪಿಗೆ ಇರಲಿಲ್ಲ. ಕಚೇರಿಯ ವಹಿಯಲ್ಲಿ ಆಕೆಯೇ ಸಹಿ ಮಾಡಬೇಕೆಂಬ ನಿಯಮದ ಬೆಲೆ ಈ ಗುಡ್ಡದ ಮೇಲೆ ನಿಂತಾಗ ಚೆನ್ನಾಗಿ ತಿಳಿಯುತ್ತದೆ.

ಭಾರತ ಹುಣ್ಣಿಮೆಯಂದು ಗುಡ್ಡದಲ್ಲಿ ಬಂಡಾರ ಹಾರುತ್ತದೆ, ‘ಉಧೋ ಉಧೋ’ ಕೂಗು ಏಳುತ್ತದೆ. ಹೆಂಗಸರು ದೇವಿಗೆ ಉಡಿ ತುಂಬಿ, ತಾವೂ ಹಸಿರು ಬಳೆ ಇಡಿಸಿಕೊಂಡು ಊರಿನ ದಾರಿ ಹಿಡಿಯುತ್ತಾರೆ.